ಚೀಟಿ ಇಲ್ಲದೆ ಸಿಗುವ ಮಾತ್ರೆ, ಯಾರೂ ಕೇಳದ ಪ್ರಶ್ನೆ

ಡಾಕ್ಟರ ಚೀಟಿ ಇಲ್ಲದೆ ಯಾವ ಔಷಧಗಳನ್ನು ಮಾರಬಹುದು ಎಂದು ನೇರವಾಗಿ ಹೇಳುವ ಪ್ರತ್ಯೇಕ ವರ್ಗ ನಮ್ಮ ಔಷಧ ಕಾನೂನಿನಲ್ಲಿ ಇಲ್ಲ. ಯಾವುದಕ್ಕೆ ಚೀಟಿ ಬೇಕು ಎಂಬ ಪಟ್ಟಿ ಇದೆ. ಅದರಲ್ಲಿ ಇಲ್ಲದ್ದೆಲ್ಲ ಚೀಟಿ ಬೇಡದ್ದು ಎಂದು ಅಂಗಡಿಯವರು ಅರ್ಥ ಮಾಡಿಕೊಂಡಿದ್ದಾರೆ. ಈ ಗೊಂದಲ ಬಗೆಹರಿಸಲೆಂದು ಕೇಂದ್ರ ಆರೋಗ್ಯ ಸಚಿವಾಲಯ 2022ರ ಮೇ ತಿಂಗಳಲ್ಲಿ 16 ಔಷಧಗಳ ಕರಡು ಪಟ್ಟಿ ಹೊರಡಿಸಿತು. ಪ್ಯಾರಾಸಿಟಮಾಲ್ ಇತ್ತು, ಕ್ಯಾಲಮೈನ್ ಲೋಷನ್ ಇತ್ತು, ಕಟ್ಟಿದ ಮೂಗಿಗೆ ಹಾಕುವ ಔಷಧ ಇತ್ತು, ಫಂಗಸ್ ಸೋಂಕಿಗೆ ಹಚ್ಚುವ ಕ್ಲೋಟ್ರಿಮಜೋಲ್ ಕ್ರೀಮ್ ಮತ್ತು ಪೌಡರ್ ಕೂಡ ಇದ್ದವು. ಐದು ದಿನಕ್ಕಿಂತ ಹೆಚ್ಚು ಬಳಸಬಾರದು, ಅಷ್ಟರಲ್ಲಿ ವಾಸಿಯಾಗದಿದ್ದರೆ ವೈದ್ಯರ ಬಳಿ ಹೋಗಬೇಕು ಎಂಬ ಷರತ್ತೂ ಇತ್ತು. ಅಲ್ಲಿಂದ ಇಲ್ಲಿಯವರೆಗೆ ಈ ವಿಷಯ ಆಗಾಗ ಸುದ್ದಿಗೆ ಬರುತ್ತದೆ. ವೈದ್ಯರು ಒಂದು ಹೇಳುತ್ತಾರೆ, ವ್ಯಾಪಾರಿಗಳು ಇನ್ನೊಂದು ಹೇಳುತ್ತಾರೆ, ಮತ್ತೆ ತಣ್ಣಗಾಗುತ್ತದೆ.

ನಾನು ಓದಿದ ಆ ಸುದ್ದಿಗಳಲ್ಲಿ ಒಂದು ಕಾಯಿಲೆಯ ಹೆಸರು ಒಮ್ಮೆಯೂ ಕಾಣಲಿಲ್ಲ. ಯೋನಿಯ ಯೀಸ್ಟ್ ಸೋಂಕು. ಚೀಟಿ ಇಲ್ಲದೆ ಫಂಗಸ್ ಔಷಧ ಕೊಳ್ಳುವವರಲ್ಲಿ ದೊಡ್ಡ ಪಾಲು ಹೆಂಗಸರದು ಎಂಬುದು ಯಾವ ಮೆಡಿಕಲ್ ಶಾಪಿನವನಿಗೂ ಗೊತ್ತು. ಆದರೆ ಚರ್ಚೆಯೆಲ್ಲ ಶೀತ, ತಲೆನೋವು, ಮಲಬದ್ಧತೆಯ ಸುತ್ತವೇ ನಡೆಯಿತು.

ಕಾಯಿಲೆ ಅಪರೂಪದ್ದೇನಲ್ಲ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುತ್ತದೆ ಎಂಬುದು ವೈದ್ಯ ಪುಸ್ತಕಗಳ ಅಂದಾಜು. ಕ್ಯಾಂಡಿಡಾ ಎಂಬ ಯೀಸ್ಟ್ ನಮ್ಮ ದೇಹದಲ್ಲಿ ಸದ್ದಿಲ್ಲದೆ ಇದ್ದೇ ಇರುತ್ತದೆ. ಆಂಟಿಬಯೋಟಿಕ್ ತಿಂದಾಗ, ಗರ್ಭಿಣಿಯಾದಾಗ, ಸಕ್ಕರೆ ಕಾಯಿಲೆ ಹಿಡಿತ ತಪ್ಪಿದಾಗ ಅದು ಮಿತಿಮೀರಿ ಬೆಳೆಯುತ್ತದೆ. ಆಗ ತುರಿಕೆ, ಉರಿ, ಒಡೆದ ಮೊಸರಿನಂಥ ಬಿಳಿ ಸ್ರಾವ. ಇದನ್ನು ಲೈಂಗಿಕ ರೋಗಗಳ ಸಾಲಿಗೆ ಸೇರಿಸುವುದಿಲ್ಲ. ಮದುವೆಯಾಗದವರಿಗೂ ಬರುತ್ತದೆ, ಅರವತ್ತು ದಾಟಿದವರಿಗೂ ಬರುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ 'ಉಷ್ಣ ಆಗಿದೆ' ಎಂಬ ಒಂದೇ ವಿವರಣೆ, ಮೆಂತ್ಯ ನೆನೆಸಿದ ನೀರು ಅಥವಾ ಎಳನೀರು ಎಂಬ ಒಂದೇ ಪರಿಹಾರ. ಎಳನೀರಿನಿಂದ ತೊಂದರೆಯೇನಿಲ್ಲ, ಯೀಸ್ಟ್ ಮಾತ್ರ ಅದಕ್ಕೆ ಜಗ್ಗುವುದಿಲ್ಲ.

ಊರು ಬಿಟ್ಟು ಬಂದವರಿಗೆ ಇದರ ಮೇಲೆ ಭಾಷೆಯ ತೊಡಕು ಬೇರೆ. ಕನ್ನಡದಲ್ಲಿ 'ಬಿಳಿಸೆರಗು' ಎನ್ನುವುದಕ್ಕೇ ನಾವು ದನಿ ತಗ್ಗಿಸುತ್ತೇವೆ. ಪುಣೆಗೆ ಬಂದರೆ ಅದು 'ಅಂಗಾವರೂನ್ ಪಾಂಢರೇ ಜಾಣೇ' ಆಗುತ್ತದೆ, ಹೈದರಾಬಾದಿನಲ್ಲಿ 'ತೆಲ್ಲ ಬಟ್ಟ', ಚೆನ್ನೈಯಲ್ಲಿ 'ವೆಳ್ಳೈಪಡುದಲ್', ದೆಹಲಿಯಲ್ಲಿ 'ಸಫೇದ್ ಪಾನಿ'. ಆಫೀಸಿನ ಮರಾಠಿ, ಆಟೋದವರ ಜತೆಗಿನ ಹಿಂದಿ ಕಲಿತಷ್ಟು ಸುಲಭವಾಗಿ ಈ ಪದಗಳನ್ನು ಯಾರೂ ಕಲಿಯುವುದಿಲ್ಲ. ಸಂಜೆ ಏಳಕ್ಕೆ ಹತ್ತು ಗಿರಾಕಿಗಳು ನಿಂತ ಅಂಗಡಿಯಲ್ಲಿ ಇದನ್ನೆಲ್ಲ ಹೇಳುವುದಕ್ಕಿಂತ, ಗೂಗಲ್ ಮಾಡಿ ಮಾತ್ರೆಯ ಹೆಸರನ್ನು ಮೊಬೈಲ್ ಪರದೆಯಲ್ಲಿ ತೋರಿಸುವುದು ಸುಲಭ. ಅಂಗಡಿಯವನು ನೋಡುತ್ತಾನೆ, ಖಾಕಿ ಕವರಿನಲ್ಲಿ ಹಾಕಿ ಕೊಡುತ್ತಾನೆ. ಇಬ್ಬರ ನಡುವೆ ಒಂದು ಮಾತೂ ನಡೆಯುವುದಿಲ್ಲ. ಇದೇ ಸಭ್ಯತೆ ಎಂದು ಇಬ್ಬರೂ ಭಾವಿಸಿರುತ್ತಾರೆ.

ಸ್ತ್ರೀರೋಗ ತಜ್ಞರ ಬಳಿ ಯಾಕೆ ಹೋಗುವುದಿಲ್ಲ ಎಂದು ಕೇಳುವವರು ಒಮ್ಮೆ ಹೋಗಿ ನೋಡಬೇಕು. ಅರ್ಧ ದಿನದ ರಜೆ, ಮಾತ್ರೆಯ ಬೆಲೆಯ ಹತ್ತಾರು ಪಟ್ಟು ಫೀಸು. ಆಫೀಸಿನ ವಿಮೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಎಲ್ಲಕ್ಕಿಂತ ಮೊದಲು ರಿಸೆಪ್ಶನ್ನಿನಲ್ಲಿ, ಹತ್ತು ಜನರ ಎದುರಿಗೆ, 'ಮ್ಯಾರೀಡ್?' ಎಂಬ ಪ್ರಶ್ನೆ. ಪಿಜಿಯಲ್ಲಿದ್ದ ಕಾಲದಲ್ಲಿ ನನಗೂ ಜತೆಯವರಿಗೂ ಈ ಪ್ರಶ್ನೆ ಎಷ್ಟು ಸಲ ಎದುರಾಗಿದೆಯೋ ಲೆಕ್ಕವಿಲ್ಲ. ಹಾಗಾಗಿ ಹೆಂಗಸರು ತಾವೇ ಔಷಧ ತೆಗೆದುಕೊಳ್ಳುವುದನ್ನು ಅಜ್ಞಾನ ಎಂದು ಬೈಯುವುದರಲ್ಲಿ ನನಗೆ ಆಸಕ್ತಿ ಇಲ್ಲ. ಅದು ಲೆಕ್ಕ ಹಾಕಿಯೇ ಮಾಡಿದ ಆಯ್ಕೆ. ಪ್ರಶ್ನೆ ಇರುವುದು, ಆ ಆಯ್ಕೆಗೆ ಬೇಕಾದ ಮಾಹಿತಿ ಅವರಿಗೆ ಸಿಗುತ್ತಿದೆಯೇ ಎಂಬುದರಲ್ಲಿ.

ಸಿಗುತ್ತಿಲ್ಲ. ಇದರ ಪರಿಣಾಮ ಏನು ಎಂಬುದಕ್ಕೆ ಅಮೆರಿಕದ ಒಂದು ಅಧ್ಯಯನ ನೋಡಬಹುದು. ಅಲ್ಲಿ ಯೋನಿಯೊಳಗೆ ಬಳಸುವ ಫಂಗಸ್ ಔಷಧಗಳನ್ನು 1990ರ ಹೊತ್ತಿಗೆ ಚೀಟಿಯಿಂದ ಮುಕ್ತಗೊಳಿಸಿದರು. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಗಡಿಯಿಂದ ಈ ಔಷಧ ಕೊಂಡ 95 ಹೆಂಗಸರನ್ನು ಪರೀಕ್ಷಿಸಿದರು. ಎಲ್ಲರೂ ತಮಗೆ ಯೀಸ್ಟ್ ಸೋಂಕು ಎಂದೇ ನಂಬಿದ್ದರು. ಬರೀ ಯೀಸ್ಟ್ ಸೋಂಕು ಇದ್ದದ್ದು ಸುಮಾರು ಮೂರರಲ್ಲಿ ಒಂದು ಪಾಲಿಗೆ. ನೂರಕ್ಕೆ 19ರಷ್ಟು ಮಂದಿಗೆ ಇದ್ದದ್ದು ಬ್ಯಾಕ್ಟೀರಿಯಾ ಏರುಪೇರಿನ ತೊಂದರೆ, ಅದಕ್ಕೆ ಫಂಗಸ್ ಔಷಧ ಕೆಲಸ ಮಾಡುವುದಿಲ್ಲ. 21ರಷ್ಟು ಮಂದಿಗೆ ಒಂದಕ್ಕಿಂತ ಹೆಚ್ಚು ಸೋಂಕು ಒಟ್ಟಿಗೇ ಇತ್ತು. ಸುಮಾರು 14ರಷ್ಟು ಮಂದಿಗೆ ಏನೂ ಇರಲಿಲ್ಲ! ಸಹಜ ಸ್ರಾವವನ್ನೇ ರೋಗ ಎಂದುಕೊಂಡಿದ್ದರು. ಇಂಗ್ಲಿಷ್ ಲೇಬಲ್ ಓದಬಲ್ಲ, ಕಪಾಟಿನ ಮುಂದೆ ನಿಂತು ಸಾವಧಾನವಾಗಿ ಆರಿಸಬಲ್ಲ ಹೆಂಗಸರ ಕಥೆ ಇದು. 'ಬಿಳಿ ಮುಟ್ಟು ಹೋದರೆ ಮೈಯ ಶಕ್ತಿಯೇ ಹೋಗುತ್ತದೆ' ಎಂದು ಕೇಳಿಕೊಂಡು ಬೆಳೆದ ನಮ್ಮಲ್ಲಿ ಸಹಜಕ್ಕೂ ರೋಗಕ್ಕೂ ಗೆರೆ ಇನ್ನೂ ಮಸುಕು.

ಗೆರೆ ಪೂರ್ತಿ ಕಾಣದ್ದೇನಲ್ಲ. ಯೀಸ್ಟ್ ಸೋಂಕಿನಲ್ಲಿ ತುರಿಕೆಯೇ ಮುಖ್ಯ, ವಾಸನೆ ಸಾಮಾನ್ಯವಾಗಿ ಇರುವುದಿಲ್ಲ. ಸ್ರಾವ ತೆಳ್ಳಗೆ, ಬೂದು ಬಣ್ಣದಲ್ಲಿದ್ದು ಮೀನಿನ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ತೊಂದರೆ ಇರಬಹುದು. ನೊರೆನೊರೆಯಾಗಿ ಹಳದಿ ಅಥವಾ ಹಸಿರು ಬಣ್ಣದಲ್ಲಿದ್ದರೆ ಟ್ರೈಕೊಮೊನಾಸ್ ಎಂಬ ಲೈಂಗಿಕ ಸೋಂಕನ್ನು ಅನುಮಾನಿಸಬೇಕು, ಆಗ ಸಂಗಾತಿಗೂ ಚಿಕಿತ್ಸೆ ಬೇಕು. ಜ್ವರ, ಕಿಬ್ಬೊಟ್ಟೆ ನೋವು, ರಕ್ತ ಕಂಡರೆ ಅಂಗಡಿಯ ಮಾತೇ ಬೇಡ. ಲಕ್ಷಣ ನೋಡಿ ಹೇಳುವುದು ಅಂದಾಜು ಮಾತ್ರ, ಖಚಿತಪಡಿಸಲು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಒಂದು ಪಿಎಚ್ ಕಾಗದದ ತುಂಡು ಕೂಡ ಸುಳಿವು ಕೊಡುತ್ತದೆ: ಯೀಸ್ಟ್ ಸೋಂಕಿನಲ್ಲಿ ಆಮ್ಲೀಯತೆ ಸಾಮಾನ್ಯವಾಗಿ ಬದಲಾಗುವುದಿಲ್ಲ, ಪಿಎಚ್ 4.5ರ ಒಳಗೇ ಇರುತ್ತದೆ. ಉಳಿದೆರಡರಲ್ಲಿ ಏರುತ್ತದೆ. ಇಷ್ಟು ಅಗ್ಗದ ಪರೀಕ್ಷೆಯನ್ನೂ ಮಾಡದೆ ಚೀಟಿ ಬರೆಯುವ ಕ್ಲಿನಿಕ್ಕುಗಳಿವೆ ಎಂಬುದನ್ನೂ ಹೇಳಿಬಿಡುತ್ತೇನೆ. ಡಾಕ್ಟರ ಬಳಿ ಹೋದಾಕ್ಷಣ ರೋಗ ಸರಿಯಾಗಿ ಪತ್ತೆಯಾಗುತ್ತದೆ ಎಂಬ ಖಾತ್ರಿ ಇಲ್ಲ. ಚೀಟಿಯ ಪರವಾಗಿ ವಾದಿಸುವವರು ಇದನ್ನು ಒಪ್ಪಿಕೊಳ್ಳುವುದೇ ಇಲ್ಲ.

ನಮ್ಮ ಅಂಗಡಿಗಳಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ಇನ್ನೂ ವಿಚಿತ್ರ. ಯಾವ ಸೋಂಕು ಎಂದು ಗೊತ್ತಿಲ್ಲವೇ? ಎಲ್ಲಕ್ಕೂ ಒಟ್ಟಿಗೆ ಔಷಧ ಕೊಡುವುದು. ಫ್ಲುಕೊನಜೋಲ್, ಸೆಕ್ನಿಡಜೋಲ್, ಅಜಿತ್ರೊಮೈಸಿನ್ ಮೂರನ್ನೂ ಒಂದೇ ಪೊಟ್ಟಣದಲ್ಲಿಟ್ಟ 'ಕಿಟ್' ಸಿಗುತ್ತದೆ. 'ವೈಟ್ ಡಿಸ್ಚಾರ್ಜ್' ಎಂದರೆ ಸಾಕು, ಅದು ಕೈಗೆ ಬರುತ್ತದೆ. ಈ ಯೋಚನೆ ಮೂಲತಃ ತಪ್ಪಲ್ಲ. ಲ್ಯಾಬ್ ಇಲ್ಲದ ಕಡೆ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡುವ ಪದ್ಧತಿ ಸರ್ಕಾರದ್ದೂ ಹೌದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 'ಸುರಕ್ಷಾ ಕ್ಲಿನಿಕ್'ಗಳಲ್ಲಿ ಯೋನಿ ಸ್ರಾವಕ್ಕೆ ಹಸಿರು ಬಣ್ಣದ ಕಿಟ್ ಕೊಡುತ್ತಾರೆ. ಅದರಲ್ಲಿ ಸೆಕ್ನಿಡಜೋಲ್ ಮತ್ತು 150 ಮಿಲಿಗ್ರಾಂ ಫ್ಲುಕೊನಜೋಲ್ ಇರುತ್ತದೆ. ಆದರೆ ಅಲ್ಲಿ ಗರ್ಭಿಣಿಯೇ ಎಂದು ಕೇಳುವವರಿದ್ದಾರೆ, ಮಾತಾಡಲು ಕೌನ್ಸೆಲರ್ ಇರುತ್ತಾರೆ, ವಾಸಿಯಾಗದಿದ್ದರೆ ಮತ್ತೆ ಬನ್ನಿ ಎನ್ನುತ್ತಾರೆ. ಅಂಗಡಿಯವರು ಕಿಟ್ಟನ್ನು ಮಾತ್ರ ಎತ್ತಿಕೊಂಡರು, ಪ್ರಶ್ನೆಗಳನ್ನು ಬಿಟ್ಟರು. ಸಾಲದ್ದಕ್ಕೆ ಒಂದು ಆಂಟಿಬಯೋಟಿಕ್ ಸೇರಿತು. ಆಂಟಿಬಯೋಟಿಕ್ ತಿಂದರೆ ಯೀಸ್ಟ್ ಸೋಂಕು ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ಮೇಲೆಯೇ ಹೇಳಿದೆ.

ಈಗ ಇದಕ್ಕೆ ಹೊಸದೊಂದು ಕಾರಣ ಸೇರಿಕೊಂಡಿದೆ, ಅದಕ್ಕಾಗಿಯೇ ಈ ವಿಷಯವನ್ನು ಈ ಅಂಕಣಕ್ಕೆ ಆರಿಸಿಕೊಂಡೆ. ಸಕ್ಕರೆ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೋಜಿನ್ ಮಾತ್ರೆಯ ಪೇಟೆಂಟ್ ಭಾರತದಲ್ಲಿ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚ್‌ನಲ್ಲಿ. ಎರಡೂ ಸಲ ಹತ್ತಾರು ಕಂಪನಿಗಳು ಮುಗಿಬಿದ್ದು ಬೆಲೆ ಇಳಿಯಿತು. ಒಳ್ಳೆಯ ಸುದ್ದಿಯೇ, ಹೃದಯ ಮತ್ತು ಕಿಡ್ನಿಗೆ ರಕ್ಷಣೆ ಕೊಡುವ ಔಷಧಗಳು ಇವು. ಇವು ಕೆಲಸ ಮಾಡುವ ರೀತಿ ಮಾತ್ರ ಗಮನಿಸಬೇಕು. ರಕ್ತದಲ್ಲಿನ ಹೆಚ್ಚುವರಿ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಮೂತ್ರದಲ್ಲಿ ಸಕ್ಕರೆ ಎಂದರೆ ಯೀಸ್ಟಿಗೆ ಊಟ. ಜನನಾಂಗದ ಯೀಸ್ಟ್ ಸೋಂಕು ಈ ಮಾತ್ರೆಗಳ ಚೆನ್ನಾಗಿ ದಾಖಲಾದ ಅಡ್ಡ ಪರಿಣಾಮ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ.

ನಮ್ಮಲ್ಲಿ ಬಹುಪಾಲು ಜನರ ಅಮ್ಮ, ಅತ್ತೆ ಊರಲ್ಲಿದ್ದಾರೆ, ಅವರ ತಿಂಗಳ ಮಾತ್ರೆಗಳನ್ನು ನಾವು ಇಲ್ಲಿಂದ ಆ್ಯಪಿನಲ್ಲಿ ಆರ್ಡರ್ ಮಾಡುತ್ತೇವೆ. ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಕುಳಿತ ಅಮ್ಮ, 'ಕೆಳಗೆ ತುರಿಕೆ' ಎಂದು ಮಗನಿಗಂತೂ ಹೇಳುವುದಿಲ್ಲ, ಮಗಳಿಗೂ ಹೇಳುವುದು ಅನುಮಾನ. ಪಕ್ಕದ ಮನೆಯವರು ಹೇಳಿದ ಕ್ರೀಮ್ ಹಚ್ಚಿಕೊಂಡು ಸುಮ್ಮನಾಗುತ್ತಾರೆ. ಹೊಸ ಮಾತ್ರೆಗೂ ಈ ತುರಿಕೆಗೂ ಸಂಬಂಧ ಇದೆ ಎಂದು ಯಾರೂ ಹೇಳಿರುವುದಿಲ್ಲ. ಇದು ಮಾತ್ರೆಯಿಂದ ಎಂದು ಗೊತ್ತಾದರೆ, ಹೇಳದೆ ಕೇಳದೆ ಅದನ್ನೇ ನಿಲ್ಲಿಸಿಬಿಡುವುದೂ ಉಂಟು. ಅದೂ ಅಪಾಯ. ಅಮ್ಮನ ಮಾತ್ರೆಯ ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿದರೆ ಈ ಒಂದು ಪ್ರಶ್ನೆಯನ್ನು ನಾವೇ ಕೇಳಿಬಿಡಬೇಕು, ಫೋನಿನಲ್ಲಾದರೂ ಸರಿ. ಧಾರವಾಡ ಕಡೆಯ ಗೆಳತಿಯೊಬ್ಬಳು ಮುಂಬೈಯಲ್ಲಿ ಒಂದೇ ವರ್ಷದಲ್ಲಿ ನಾಲ್ಕು ಸಲ ಅಂಗಡಿಯಿಂದ ಫ್ಲುಕೊನಜೋಲ್ ಕೊಂಡಳು. ಕೊನೆಗೆ ಬೇರಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಏರಿರುವುದು ಗೊತ್ತಾಯಿತು. ವಯಸ್ಸು ಮೂವತ್ತನಾಲ್ಕು. ಪ್ರತಿ ಸಲವೂ ಅದೇ ಅಂಗಡಿ, ಅದೇ ಮನುಷ್ಯ.

ವರ್ಷದಲ್ಲಿ ಮೂರು ಅಥವಾ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಅದರ ಚಿಕಿತ್ಸೆಯೇ ಬೇರೆ, ಫ್ಲುಕೊನಜೋಲ್ ಅನ್ನು ವಾರಕ್ಕೊಂದರಂತೆ ಆರು ತಿಂಗಳು ಕೊಡುವ ಕ್ರಮ ಇದೆ. ಎರಡು ತಿಂಗಳಿಗೊಮ್ಮೆ ಒಂದೊಂದು ಮಾತ್ರೆ ನುಂಗುತ್ತಾ ಹೋದರೆ ಆ ಹೊತ್ತಿನ ತುರಿಕೆ ನಿಲ್ಲಬಹುದು, ಅಷ್ಟೆ. ಈ ಔಷಧಕ್ಕೆ ಮೊದಲೇ ಅಷ್ಟಾಗಿ ಬಗ್ಗದ ಕ್ಯಾಂಡಿಡಾ ತಳಿಗಳೂ ಇವೆ. ಗ್ಲಾಬ್ರಾಟಾ ಎಂಬುದು ಅಂಥದ್ದು. ಯಾವ ತಳಿ ಎಂದು ಕಲ್ಚರ್ ಮಾಡಿಸದೆ ಗೊತ್ತಾಗುವುದಿಲ್ಲ. ಗರ್ಭಿಣಿಯರ ವಿಷಯದಲ್ಲಂತೂ ಮಾತು ನೇರ: ನುಂಗುವ ಫ್ಲುಕೊನಜೋಲ್ ಬೇಡ, ಏಳು ದಿನ ಒಳಗೆ ಹಚ್ಚುವ ಔಷಧವನ್ನಷ್ಟೇ ಬಳಸಬೇಕು, ಅದೂ ವೈದ್ಯರಿಗೆ ಹೇಳಿ. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಮಾತ್ರೆಗಳ ಜತೆಗೂ ಫ್ಲುಕೊನಜೋಲ್ ತೊಂದರೆ ಕೊಡುತ್ತದೆ. ಕೌಂಟರಿನಲ್ಲಿ ನಿಂತು ಕವರ್ ಕಟ್ಟುವವನು ಇದನ್ನು ಕೇಳಿದ್ದನ್ನು ನಾನು ನೋಡಿಲ್ಲ.

ಕಾನೂನು ಏನೆನ್ನುತ್ತದೆ? ಫ್ಲುಕೊನಜೋಲ್ ಸ್ಟ್ರಿಪ್ ತಿರುಗಿಸಿ ನೋಡಿ. ಕೆಂಪು ಗೆರೆ, ನೋಂದಾಯಿತ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಎಂಬ ಎಚ್ಚರಿಕೆ ಅದರ ಮೇಲೆಯೇ ಇದೆ. ಹಚ್ಚುವ ಕ್ರೀಮುಗಳದ್ದು ಬೇರೆ ಕಥೆ. ಚೀಟಿ ಬೇಕಾದ ಔಷಧಗಳ ಶೆಡ್ಯೂಲ್ ಎಚ್ ಪಟ್ಟಿಗೆ, ಮೈಮೇಲೆ ಹಚ್ಚುವ ಔಷಧಗಳನ್ನು ಹೊರಗಿಡುವ ಒಂದು ಟಿಪ್ಪಣಿ ಇತ್ತು. ಆ ಸಂದಿನಲ್ಲಿ ಸ್ಟೀರಾಯ್ಡ್, ಆಂಟಿಬಯೋಟಿಕ್, ಫಂಗಸ್ ಔಷಧ ಮೂರನ್ನೂ ಬೆರೆಸಿದ ಕ್ರೀಮುಗಳು ದೇಶದ ತುಂಬ ಹರಿದವು. ಹಚ್ಚಿದ ಕೂಡಲೇ ತುರಿಕೆ ನಿಲ್ಲುತ್ತದೆ, ಏಕೆಂದರೆ ಸ್ಟೀರಾಯ್ಡ್ ಚರ್ಮವನ್ನು ಸುಮ್ಮನಾಗಿಸುತ್ತದೆ. ಫಂಗಸ್ ಕೆಳಗೆ ಬೆಳೆಯುತ್ತಲೇ ಇರುತ್ತದೆ. ಚರ್ಮವೈದ್ಯರು ಗಲಾಟೆ ಎಬ್ಬಿಸಿದ ಮೇಲೆ 2018ರಲ್ಲಿ 14 ಸ್ಟೀರಾಯ್ಡ್‌ಗಳ ಕ್ರೀಮುಗಳನ್ನೂ ಚೀಟಿಯ ವ್ಯಾಪ್ತಿಗೆ ತಂದರು. ಅಷ್ಟರಲ್ಲಿ ಸಾಮಾನ್ಯ ಔಷಧಕ್ಕೆ ಬಗ್ಗದ ಗಜಕರ್ಣ ಹಬ್ಬಿಯಾಗಿತ್ತು. ಆ ಫಂಗಸ್ಸಿಗೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲೇ ನಮ್ಮ ದೇಶ ಇದೆ, ಟ್ರೈಕೊಫೈಟಾನ್ ಇಂಡೊಟಿನಿಯೆ. ಸಂಕೋಚದಿಂದ ಇದೇ ಕ್ರೀಮುಗಳನ್ನು ಯೋನಿಯ ಸುತ್ತ ಹಚ್ಚಿಕೊಳ್ಳುವವರಿದ್ದಾರೆ.  2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿದಾಗ ಕ್ಯಾಂಡಿಡಾ ಆಲ್ಬಿಕಾನ್ಸ್ ಅನ್ನೂ ಅತಿ ಮುಖ್ಯ ಗುಂಪಿನಲ್ಲಿ ಸೇರಿಸಿತು. ರಕ್ತಕ್ಕೆ ಹೋದಾಗ ಅದು ಕೊಲ್ಲುವ ರೋಗ, ಹಾಗಾಗಿ. ಅದರ ವಿರುದ್ಧ ನಮ್ಮಲ್ಲಿರುವ ಔಷಧಗಳ ಬಗೆಗಳು ಬೆರಳೆಣಿಕೆಯಷ್ಟು.

ಆನ್‌ಲೈನ್ ಅಂಗಡಿಗಳ ಬಗ್ಗೆ ನನ್ನ ವೃತ್ತಿಯ ಕಣ್ಣಿನಿಂದ ಒಂದು ಮಾತು. ಕೆಂಪು ಗೆರೆಯ ಔಷಧವನ್ನು ಕಾರ್ಟಿಗೆ ಹಾಕಿದರೆ ಆ್ಯಪ್ 'ಚೀಟಿ ಇದೆಯೇ' ಎನ್ನುತ್ತದೆ. ಇಲ್ಲ ಎಂದರೆ 'ನಮ್ಮ ಡಾಕ್ಟರ್ ಕರೆ ಮಾಡುತ್ತಾರೆ' ಎನ್ನುತ್ತದೆ. ಒಂದು ನಿಮಿಷದ ಕರೆ, ಹೆಸರು, ವಯಸ್ಸು, ಚೀಟಿ ತಯಾರು. ಸಾಫ್ಟ್‌ವೇರಿನಲ್ಲಿ ಇಂಥದ್ದನ್ನು ಬರೆದರೆ ರಿವ್ಯೂ ಮಾಡುವವರು ವಾಪಸು ಕಳಿಸುತ್ತಾರೆ: ಯಾವ ಉತ್ತರ ಕೊಟ್ಟರೂ 'ಸರಿ' ಎನ್ನುವ ತಪಾಸಣೆ ತಪಾಸಣೆಯೇ ಅಲ್ಲ. ವಿಪರ್ಯಾಸವೆಂದರೆ ಸರಿಯಾದ ಪ್ರಶ್ನೆ ಕೇಳಲು ಆ್ಯಪಿಗಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿ ಹತ್ತು ಜನ ಗಿರಾಕಿಗಳು ಹಿಂದೆ ನಿಂತಿಲ್ಲ, ಕನ್ನಡದಲ್ಲೇ ಕೇಳಬಹುದು, ಆರು ತಿಂಗಳಲ್ಲಿ ಎಷ್ಟು ಸಲ ಇದೇ ಮಾತ್ರೆ ಕೊಂಡಿದ್ದೀರಿ ಎಂಬುದು ಅದಕ್ಕೆ ಕೇಳದೆಯೂ ಗೊತ್ತು. ಆ ದತ್ತಾಂಶದಿಂದ ಅದು ಈಗ ಮಾಡುವುದು 'ಮತ್ತೆ ಆರ್ಡರ್ ಮಾಡಿ' ಎಂದು ನೆನಪಿಸುವುದಷ್ಟೆ. ಇ-ಫಾರ್ಮಸಿಗಳಿಗೆ ನಿಯಮ ರೂಪಿಸುವ ಕರಡು 2018ರ ಆಗಸ್ಟಿನಲ್ಲಿ ಬಂತು, ವರ್ಷಗಳು ಉರುಳಿದರೂ ಕರಡಾಗಿಯೇ ಕೂತಿತು.

ಹಾಗಾದರೆ ಎಲ್ಲಕ್ಕೂ ಚೀಟಿ ಕಡ್ಡಾಯ ಮಾಡಿ ಬಿಗಿ ಮಾಡಬೇಕೇ? ನನ್ನ ಅಭಿಪ್ರಾಯ ಅದಲ್ಲ. ಬಿಗಿ ಮಾಡಿದರೆ ಹೆಂಗಸರು ಡಾಕ್ಟರ ಬಳಿ ಹೋಗುವುದಿಲ್ಲ, ಸಹಿಸಿಕೊಂಡು ಕೂರುತ್ತಾರೆ. ಬ್ರಿಟನ್ನಿನಲ್ಲಿ 1990ರ ದಶಕದಿಂದಲೂ ಕ್ಲೋಟ್ರಿಮಜೋಲ್, 150 ಮಿಲಿಗ್ರಾಂ ಫ್ಲುಕೊನಜೋಲ್ ಎರಡೂ ಚೀಟಿ ಇಲ್ಲದೆ ಸಿಗುತ್ತವೆ, ಆದರೆ ಫ್ಲುಕೊನಜೋಲ್ ಮಾತ್ರೆ ಫಾರ್ಮಸಿಸ್ಟ್ ಕೈಯಿಂದಲೇ ಸಿಗಬೇಕು. ಅವರು ಕೇಳುತ್ತಾರೆ: ಮೊದಲ ಸಲವೇ? ವಯಸ್ಸು 16ಕ್ಕಿಂತ ಕಡಿಮೆಯೋ, 60ಕ್ಕಿಂತ ಹೆಚ್ಚೋ? ಗರ್ಭಿಣಿಯೇ? ಆರು ತಿಂಗಳಲ್ಲಿ ಎರಡಕ್ಕಿಂತ ಹೆಚ್ಚು ಸಲ ಬಂದಿದೆಯೇ? ಯಾವುದಕ್ಕಾದರೂ ಹೌದು ಎಂದರೆ ಔಷಧವಲ್ಲ, ಡಾಕ್ಟರ ದಾರಿ ತೋರಿಸುತ್ತಾರೆ. ಇದಕ್ಕೆ ಎರಡು ನಿಮಿಷ ಸಾಕು.

ನಮ್ಮಲ್ಲಿ ಕಾಗದದ ಮೇಲೆ ಬಿಗಿ, ಕೌಂಟರಿನಲ್ಲಿ ಸಡಿಲ. ಚೀಟಿ ಇಲ್ಲದೆ ಮಾರುವುದೇ ತಪ್ಪು ಎಂದಾದಾಗ ಅಂಗಡಿಯವನು ಪ್ರಶ್ನೆ ಕೇಳುವುದು ತಾನೇ ತಪ್ಪೊಪ್ಪಿಕೊಂಡಂತೆ, ಆದ್ದರಿಂದ ಬೇಗ ಕೊಟ್ಟು ಕಳಿಸುತ್ತಾನೆ. 2022ರ ಕರಡು ಇದನ್ನು ಸರಿಪಡಿಸುವ ಅವಕಾಶವಾಗಿತ್ತು. ಅದರಲ್ಲಿ ಚರ್ಮದ ಕ್ರೀಮ್, ಪೌಡರ್ ಇತ್ತು, ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆ ಇರಲಿಲ್ಲ. ಆ ಮಾತ್ರೆಯ ಚಿಕಿತ್ಸೆ ಒಂದೇ ದಿನದಿಂದ ಆರೇಳು ದಿನದೊಳಗೆ ಮುಗಿಯುತ್ತದೆ, ರಕ್ತಕ್ಕೆ ಸೇರುವುದು ತೀರ ಕಡಿಮೆ. ಚರ್ಮದ ಗಜಕರ್ಣಕ್ಕೋ ವಾರಗಟ್ಟಲೆ ಹಚ್ಚಬೇಕು, ಆದರೂ ಅದಕ್ಕೆ ಐದು ದಿನದ ಮಿತಿ ಹಾಕಿದರು! ಐದು ದಿನಕ್ಕೆ ನಿಲ್ಲಿಸಿದ ಗಜಕರ್ಣ ಮತ್ತೆ ಬಂದೇ ಬರುತ್ತದೆ. ಇದನ್ನು ಬರೆದವರು ಫಂಗಸ್ಸಿಗೂ ತಲೆನೋವಿಗೂ ವ್ಯತ್ಯಾಸ ನೋಡಲಿಲ್ಲ ಅನಿಸುತ್ತದೆ.

ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಅನ್ನು, ಹಿಂದೆ ಒಮ್ಮೆ ವೈದ್ಯರಿಂದ ಪತ್ತೆಯಾದವರಿಗೆ, ಫಾರ್ಮಸಿಸ್ಟ್ ಕೈಯಿಂದ ಚೀಟಿ ಇಲ್ಲದೆ ಕೊಡಲು ಅಧಿಕೃತವಾಗಿ ಅನುಮತಿ ಸಿಗಲಿ. ನುಂಗುವ ಫ್ಲುಕೊನಜೋಲ್, ಮೂರು ಔಷಧಗಳ ಕಿಟ್, ಸ್ಟೀರಾಯ್ಡ್ ಬೆರೆತ ಕ್ರೀಮ್ ಇವುಗಳಿಗೆ ಚೀಟಿ ನಿಜವಾಗಿಯೂ ಬೇಕೇ ಬೇಕು ಎಂದಾಗಲಿ. ಪೊಟ್ಟಣದೊಳಗೆ ಈಗ ಇರುವುದು ಭೂತಗನ್ನಡಿ ಹಿಡಿದರೂ ಓದಲಾಗದ ಇಂಗ್ಲಿಷ್ ಕಾಗದ. ಅದರ ಬದಲು ಚಿತ್ರ ಇರುವ, ಭಾರತೀಯ ಭಾಷೆಗಳ ಒಂದು ಹಾಳೆ ಸಾಕು. ಕ್ಯೂಆರ್ ಕೋಡ್ ಒತ್ತಿದರೆ ಮನೆಭಾಷೆಯಲ್ಲಿ ಓದುವಂತೆ ಮಾಡುವುದು ಒಂದು ವಾರದ ಕೆಲಸ, ನಮ್ಮಂಥವರು ದಿನವೂ ಇದಕ್ಕಿಂತ ಕಷ್ಟದ್ದನ್ನು ಮಾಡುತ್ತೇವೆ.

ಅಲ್ಲಿಯವರೆಗೆ, ಹೊರ ಊರಿನಲ್ಲಿರುವ ಕನ್ನಡದ ಹುಡುಗಿಯರಿಗೆ ಗೊತ್ತಿರಬೇಕಾದದ್ದು: ಸುರಕ್ಷಾ ಕ್ಲಿನಿಕ್‌ಗಳು ದೇಶದಾದ್ಯಂತ ಜಿಲ್ಲಾ ಆಸ್ಪತ್ರೆ, ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿವೆ. ಸಲಹೆಯೂ ಔಷಧವೂ ಉಚಿತ, ಹೇಳಿದ್ದನ್ನು ಗುಟ್ಟಾಗಿ ಇಡುತ್ತಾರೆ. ಪುಣೆಯಲ್ಲಿ ನನ್ನ ಸುತ್ತಲಿನ ಹತ್ತು ಮಂದಿ ಕನ್ನಡಿಗ ಸಹೋದ್ಯೋಗಿಗಳನ್ನು ಈ ವಾರ ಕೇಳಿದೆ, ಅಂಥದ್ದೊಂದು ಇದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ.